ನೀರೊಳಗಿನ ಸೆನ್ಸರ್ ಸುಮ್ನೆ ಸುಮ್ನೆ ಕೂಗ್ತಿದ್ರೆ ಮೊದಲು ಗಡಿಯಾರ ನೋಡಿ

ಕಾರವಾರದ ಸುಂಕೇರಿ ಹತ್ತಿರ, ಕಾಳಿ ನದಿಯ ಅಳಿವೆಯಲ್ಲಿ ನಮ್ಮ ಭಾವನ ಎರಡು ಮೀನಿನ ಪಂಜರಗಳಿವೆ. ನೀಲಿ ಡ್ರಮ್ಮುಗಳ ಮೇಲೆ ಪೈಪಿನ ಚೌಕಟ್ಟು, ಅದರಿಂದ ಕೆಳಗೆ ಇಳಿಬಿಟ್ಟ ಬಲೆ, ಒಳಗೆ ಸೀಬಾಸ್. ನವೆಂಬರಿನ ಒಂದು ಬೆಳಿಗ್ಗೆ ಮೇವು ಹಾಕಲು ಹೋದರೆ ಬಲೆ ಹರಿದು ಅರ್ಧಕ್ಕರ್ಧ ಮೀನು ಖಾಲಿ. ರಾತ್ರಿ ಏನು ಬಂತು, ಎಷ್ಟು ಹೊತ್ತಿಗೆ ಬಂತು, ಯಾರಿಗೂ ಗೊತ್ತಿಲ್ಲ. "ಊರವರ ಟಿವಿ, ಮಿಕ್ಸಿ ಎಲ್ಲ ಬಿಚ್ತೀಯಲ್ಲ, ನೀರೊಳಗೆ ಏನಾದ್ರೂ ಅಲ್ಲಾಡಿದ್ರೆ ಫೋನಿಗೆ ಮೆಸೇಜ್ ಬರೋ ಹಾಗೆ ಮಾಡಿಕೊಡು ಮಾರಾಯ" ಅಂದ ಭಾವ.

ಮಾಡಿಕೊಟ್ಟೆ. ಮೆಸೇಜ್ ಬಂತು. ಬರ್ತಾನೇ ಇತ್ತು. ಅಪರಾತ್ರಿ ಟಾರ್ಚ್ ಹಿಡಿದು ಪಾತಿ ದೋಣಿ ಹತ್ತಿ ಹೋಗೋದು, ಅಲ್ಲಿ ಏನೂ ಕಾಣದೆ ನನ್ನನ್ನು ಬೈದುಕೊಂಡು ವಾಪಸ್ ಬರೋದು. ಹದಿನೈದು ದಿನ ಇದೇ ಆಯಿತು. ಅಕ್ಕ ಅಂತೂ ನನ್ನ ಹತ್ತಿರ ಮಾತೇ ಬಿಟ್ಟಿದ್ದಳು.

ಆ ಸುಳ್ಳು ಕೂಗುಗಳನ್ನು ಒಂದೊಂದಾಗಿ ಹಿಡಿದದ್ದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಪಂಜರವೇ ಆಗಬೇಕಂತಿಲ್ಲ. ಸಿಗಡಿ ಕೆರೆ ಇರಬಹುದು, ಕುಮಟಾ ಬದಿಯ ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆ ಇರಬಹುದು, ಮನೆ ಬಾವಿ ಇರಬಹುದು. ನೀರೊಳಗೆ ಸೆನ್ಸರ್ ಇಳಿಸಿದವರಿಗೆಲ್ಲ ಇದರಲ್ಲಿ ಕೆಲವು ತೊಂದರೆಗಳಾದರೂ ಬರುತ್ತವೆ.

ಮೊದಲು, ಇಳಿಸಲೇಬಾರದ ಸೆನ್ಸರ್‌ಗಳು

ಇದನ್ನು ಬೇಗ ಮುಗಿಸುತ್ತೇನೆ. ಮನೆ ಬಾಗಿಲಲ್ಲಿ ಲೈಟ್ ಹತ್ತಿಸುವ ಪಿಐಆರ್ ಸೆನ್ಸರನ್ನು ಗಾಜಿನ ಡಬ್ಬಿಯಲ್ಲಿ ಹಾಕಿ ನೀರಿಗೆ ಬಿಟ್ಟವರಿದ್ದಾರೆ. ಅದು ಮೈಯ ಬಿಸಿ ನೋಡುವ ಸೆನ್ಸರ್. ಆ ಬಿಸಿಯ ಕಿರಣ ಗಾಜನ್ನೂ ದಾಟುವುದಿಲ್ಲ, ನೀರಿನಲ್ಲಿ ಕೂದಲೆಳೆಯಷ್ಟು ದೂರವನ್ನೂ ದಾಟುವುದಿಲ್ಲ. ಮೇಲಾಗಿ ಮೀನಿನ ಮೈ ನೀರಿನಷ್ಟೇ ತಣ್ಣಗಿರುತ್ತದೆ. ಅಗ್ಗದ ಮೈಕ್ರೋವೇವ್ ರಡಾರ್ ಮಾಡ್ಯೂಲ್ ಕೂಡ ಬೇಡ. ಅದರ 3 ಗಿಗಾಹರ್ಟ್ಸ್ ಆಸುಪಾಸಿನ ಅಲೆ ಉಪ್ಪುನೀರಿನಲ್ಲಿ ಒಂದು ಸೆಂಟಿಮೀಟರಿಗೇ ಸುಸ್ತಾಗುತ್ತದೆ.

'ವಾಟರ್‌ಪ್ರೂಫ್' ಅಂತ ಬರೆದಿರುವ ಅಲ್ಟ್ರಾಸಾನಿಕ್ ಸೆನ್ಸರ್ ಮಾತ್ರ ತುಂಬಾ ಜನರಿಗೆ ಟೋಪಿ ಹಾಕುತ್ತದೆ. ಕಾರಿನ ಬಂಪರಿನಲ್ಲಿ ಇರುತ್ತಲ್ಲ, ಅಂಥದ್ದು. ಮಳೆ ಬಿದ್ದರೆ ಹಾಳಾಗುವುದಿಲ್ಲ ಅನ್ನೋದಷ್ಟೇ ಅದರ ಅರ್ಥ. ಅದು ಗಾಳಿಗಾಗಿ ಮಾಡಿದ್ದು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ನಮ್ಮ ಬೆಚ್ಚಗಿನ ಸಮುದ್ರದ ನೀರಿನಲ್ಲಿ 1,540ರ ಹತ್ತಿರ. ಹಾಗಾಗಿ ಅದು ಕೊಡುವ ದೂರವೂ ತಪ್ಪು. ಮುಖದ ಹತ್ತಿರ ಗಾಳಿಯಲ್ಲಿ 20-25 ಸೆಂಟಿಮೀಟರ್ ಇರುವ ಕುರುಡು ಜಾಗ ನೀರಿನಲ್ಲಿ ಒಂದು ಮೀಟರ್ ಆಗುತ್ತದೆ. ಸದಾ ಒಂದೇ ಅಂಕಿ ಬರ್ತಾ ಇದೆ ಅಂತ ಒಬ್ಬ ಹುಡುಗ ನನ್ನ ಅಂಗಡಿಗೆ ತಂದಿದ್ದ. ಸೆನ್ಸರ್ ಸರಿಯಾಗೇ ಇತ್ತು, ಇಟ್ಟ ಜಾಗ ಸರಿ ಇರಲಿಲ್ಲ.

ರಾತ್ರಿ ಕಾಣುವ ಇನ್‌ಫ್ರಾರೆಡ್ ಕ್ಯಾಮೆರಾ? 850 ನ್ಯಾನೋಮೀಟರ್ ಬೆಳಕು ಒಂದು ಮೀಟರ್ ಶುದ್ಧ ನೀರು ದಾಟುವಷ್ಟರಲ್ಲಿ ನೂರರಲ್ಲಿ ಒಂದೆರಡು ಪಾಲು ಉಳಿಯುತ್ತದೆ. ಕಾಳಿಯ ಕೆಸರು ನೀರಿನಲ್ಲಿ ಆ ಬೆಳಕು ಮಣ್ಣಿನ ಕಣಗಳಿಗೆ ಬಡಿದು ವಾಪಸ್ ಕ್ಯಾಮೆರಾಕ್ಕೇ ಬರುತ್ತದೆ. ಪರದೆ ತುಂಬಾ ಹಿಮ ಸುರಿದ ಹಾಗೆ ಕಾಣಿಸುತ್ತದೆ, ಅಷ್ಟೇ.

ನಾನು ಕೊನೆಗೆ ಇಟ್ಟುಕೊಂಡಿದ್ದು ಮೂರು. ಬಲೆಗೆ ಕಟ್ಟಿದ ಅಲುಗಾಟದ ಸೆನ್ಸರ್, ಅಂದರೆ ಫೋನಿನಲ್ಲಿ ಇರುವಂಥ ಆಕ್ಸಿಲರೋಮೀಟರ್. ಪಂಜರದ ಹೊರಗೆ ಅಡ್ಡಕ್ಕೆ ನೋಡುವ 200 ಕಿಲೋಹರ್ಟ್ಸ್ ಎಕೋ ಸೌಂಡರ್, ಅಂದರೆ ನೀರೊಳಗೆ ಶಬ್ದ ಬಿಟ್ಟು ಅದರ ಪ್ರತಿಧ್ವನಿ ಕೇಳುವಂಥದ್ದು. ಆಮೇಲೆ ಬಜರ್ ಬಿಲ್ಲೆಗೆ ಎಪಾಕ್ಸಿ ಹಾಕಿ ನಾನೇ ಮಾಡಿದ ಹೈಡ್ರೋಫೋನ್, ಅಂದರೆ ನೀರೊಳಗಿನ ಮೈಕ್.

ಕ್ಯಾಲೆಂಡರಿನ ಮೇಲೆ ಪೆನ್ನು

ಸುಳ್ಳು ಕೂಗು ಶುರುವಾದ ಕೂಡಲೇ ನಾನು ಮಾಡಿದ ತಪ್ಪು ಏನು ಗೊತ್ತಾ? ಪೆಟ್ಟಿಗೆ ಬಿಚ್ಚಿದ್ದು. ಒಂದು ಸಲ ಅಲ್ಲ, ನಾಲ್ಕು ಸಲ. ಬಿಚ್ಚಿದಾಗಲೆಲ್ಲ ಏನೋ ಒಂದು ಬದಲಿಸಿದೆ, ಹೊಸ ಸೀಲ್ ಹಾಕಿದೆ. ಎರಡು ದಿನ ಸುಮ್ಮನಿದ್ದು ಮತ್ತೆ ಕೂಗಿತು. ಯಾವ ಬದಲಾವಣೆಯಿಂದ ಸುಮ್ಮನಾಯಿತು ಅನ್ನೋದೂ ತಿಳಿಯಲಿಲ್ಲ.

ಈಗ ಯಾರೇ ಕೇಳಿದರೂ ಒಂದೇ ಮಾತು ಹೇಳುತ್ತೇನೆ. ಒಂದು ವಾರ ಏನನ್ನೂ ಮುಟ್ಟಬೇಡಿ. ಅಡುಗೆಮನೆ ಗೋಡೆಯ ಕ್ಯಾಲೆಂಡರ್ ತಗೊಳ್ಳಿ, ತಿಥಿ ಬರೆದಿರುವಂಥದ್ದು. ಕೂಗಿದ ಹೊತ್ತನ್ನು ಆಯಾ ದಿನದ ಚೌಕದಲ್ಲಿ ಬರೆಯಿರಿ. ಯಾವ ಸೆನ್ಸರ್ ಕೂಗಿತು ಅಂತ ಪಕ್ಕದಲ್ಲಿ ಒಂದಕ್ಷರ. ಬ್ಯಾಟರಿ ವೋಲ್ಟೇಜ್ ಸಿಕ್ಕರೆ ಅದೂ ಇರಲಿ.

ಭಾವನ ಮನೆ ಕ್ಯಾಲೆಂಡರಿನಲ್ಲಿ ಬಿದ್ದದ್ದು ಹೀಗಿತ್ತು. ತ್ರಯೋದಶಿ ರಾತ್ರಿ 1:10. ಮರುದಿನ 2:00. ಹುಣ್ಣಿಮೆಗೆ 2:50. ಪಾಡ್ಯಕ್ಕೆ 3:40. ನಾನು ಸಾಫ್ಟ್‌ವೇರಿನಲ್ಲಿ ಟೈಮರ್ ಎಲ್ಲೋ ಜಾರುತ್ತಿದೆ ಅಂದುಕೊಂಡು ಕೋಡ್ ಓದುತ್ತಾ ಕೂತಿದ್ದೆ. ಪಕ್ಕದ ಪಂಜರದ ತಾಂಡೇಲ ಮಾಮ ಚಾ ಕುಡಿಯಲು ಬಂದವರು ಗೋಡೆ ನೋಡಿದರು.

"ತಮಾ, ಇದೆಂತದು ಬರ್ದದ್ದು?"

"ಮಶಿನ್ ಕೂಗಿದ ಟೈಮು ಮಾಮ."

"ಮಶಿನಿನ ಟೈಮಲ್ಲ ಇದು. ನೀರು ಇಳಿಯೂ ಟೈಮು."

ಅವರ ಲೆಕ್ಕ ಸುಲಭ. ತಿಥಿಯ ಮುಕ್ಕಾಲು ಭಾಗ ಭರತಿಯ, ಅಂದರೆ ಉಬ್ಬರದ ಹೊತ್ತು. ತ್ರಯೋದಶಿ ಅಂದರೆ 13, ಅದರ ಮುಕ್ಕಾಲು 9:45. ಅಳಿವೆಯ ಒಳಗೆ ನೀರು ಬರಲು ಸ್ವಲ್ಪ ತಡ, ಹಾಗಾಗಿ ಹತ್ತೂ ಕಾಲು. ಅಲ್ಲಿಂದ ಮೂರು ತಾಸಿಗೆ ಇಳಿತದ ಸೆಳೆತ ಜೋರು. ಒಂದೂ ಕಾಲು! ನನ್ನ ಸೆನ್ಸರ್ ಕೂಗಿದ್ದು 1:10ಕ್ಕೆ.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತಿ, ಎರಡು ಇಳಿತ. ಒಂದು ಭರತಿಯಿಂದ ಮುಂದಿನದಕ್ಕೆ ಸುಮಾರು 12 ತಾಸು 25 ನಿಮಿಷ. ಚಂದ್ರ ದಿನಾ ತಡವಾಗಿ ಹುಟ್ಟುವ ಹಾಗೆ, ಭರತಿಯೂ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನಿಮ್ಮ ಸುಳ್ಳು ಕೂಗು ದಿನಾ 50 ನಿಮಿಷ ಜಾರುತ್ತಿದ್ದರೆ ಪೆಟ್ಟಿಗೆ ಬಿಚ್ಚಲು ಹೋಗಬೇಡಿ. ಅದು ನೀರಿನ ಕೆಲಸ. ಹುಣ್ಣಿಮೆ ಅಮಾಸೆಗೆ ಜಾಸ್ತಿಯಾಗಿ ಅಷ್ಟಮಿ ಹೊತ್ತಿಗೆ ಕಮ್ಮಿಯಾದರೆ ಅನುಮಾನವೇ ಬೇಡ.

ಆದರೆ ನೀರು ಹರಿದರೆ ಸೆನ್ಸರ್ ಯಾಕೆ ಕೂಗಬೇಕು? ಬಲೆ ಒಂದೇ ಕಡೆ ವಾಲಿಕೊಂಡು ಸುಮ್ಮನೆ ನಿಲ್ಲಬೇಕಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಮುಂದಿನ ಅಮಾಸೆಗೆ ಇಳಿತದ ಹೊತ್ತಿಗೆ ಸರಿಯಾಗಿ ಪಂಜರದ ಮೇಲೆ ಹೋಗಿ ಕೂತೆ. ಡ್ರಮ್ಮುಗಳ ಸುತ್ತ ನೀರು ಗುಳುಗುಳು ಅಂತಿತ್ತು. ಸೆನ್ಸರಿನ ತಂತಿ ಚೌಕಟ್ಟಿನಿಂದ ಬಲೆಯ ತಳದವರೆಗೆ ಬಿಗಿಯಾಗಿ ಇಳಿದಿತ್ತು. ಅದನ್ನು ಎರಡು ಬೆರಳಲ್ಲಿ ಹಿಡಿದೆ. ಓಡುತ್ತಿರುವ ಹೊಲಿಗೆ ಮಶಿನ್ ಮೇಲೆ ಕೈ ಇಟ್ಟ ಹಾಗೆ ಗುರ್ರ್ ಅನ್ನುತ್ತಿತ್ತು. ಬಿಟ್ಟರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಹಿಡಿದರೆ ಬೆರಳು ಜುಮ್ಮೆನ್ನುತ್ತದೆ.

ಹರಿಯುವ ನೀರು ದುಂಡು ತಂತಿಯನ್ನು ದಾಟುವಾಗ ಅದರ ಹಿಂದೆ ಎಡಕ್ಕೊಂದು ಬಲಕ್ಕೊಂದು ಸಣ್ಣ ಸುಳಿ ಬಿಡುತ್ತಾ ಹೋಗುತ್ತದೆ. ಪ್ರತಿ ಸುಳಿಯೂ ತಂತಿಯನ್ನು ಒಮ್ಮೆ ಎಳೆಯುತ್ತದೆ. ಎಷ್ಟು ಸಲ ಅಂತ ಲೆಕ್ಕ ಹಾಕಬಹುದು. ನೀರಿನ ವೇಗವನ್ನು ತಂತಿಯ ದಪ್ಪದಿಂದ ಭಾಗಿಸಿ 0.2ರಿಂದ ಗುಣಿಸಿದರೆ ಆಯಿತು. ನನ್ನ ತಂತಿ 6 ಮಿಲಿಮೀಟರ್, ಸೆಳೆತ ಸೆಕೆಂಡಿಗೆ ಅರ್ಧ ಮೀಟರ್ ಅಂತ ಇಟ್ಟುಕೊಂಡರೆ ಸೆಕೆಂಡಿಗೆ ಸುಮಾರು 17 ಸಲ.

ಇಲ್ಲಿ ನನ್ನದೇ ಒಂದು ಜಿಪುಣತನವೂ ಸೇರಿಕೊಂಡಿತ್ತು. ಬ್ಯಾಟರಿ ಉಳಿಯಲಿ ಅಂತ ಸೆನ್ಸರನ್ನು ಸೆಕೆಂಡಿಗೆ 10 ಸಲ ಮಾತ್ರ ಓದುತ್ತಿದ್ದೆ. 17 ಸಲ ಅಲ್ಲಾಡುವುದನ್ನು 10 ಸಲ ಮಾತ್ರ ನೋಡಿದರೆ ಅದು 3 ಸಲ ಅಲ್ಲಾಡಿದ ಹಾಗೆ ಕಾಣುತ್ತದೆ. ಫ್ಯಾನಿನ ರೆಕ್ಕೆ ವಿಡಿಯೋದಲ್ಲಿ ನಿಧಾನಕ್ಕೆ ಉಲ್ಟಾ ತಿರುಗಿದ ಹಾಗೆ ಕಾಣುತ್ತಲ್ಲ, ಅದೇ ಮೋಸ. ಸೆಕೆಂಡಿಗೆ ಎರಡು ಮೂರು ಎಳೆತ ಅಂದರೆ ಏನೋ ಬಲೆ ಕಚ್ಚಿ ಎಳೆಯುತ್ತಿದೆ ಅಂತ ನಾನೇ ಕೋಡಿನಲ್ಲಿ ಬರೆದಿಟ್ಟಿದ್ದೆ. ಕೂಗದೆ ಇನ್ನೇನು ಮಾಡೀತು?

ಸರಿಪಡಿಸಿದ್ದು ಎರಡು ಕಡೆ. ಓದುವುದನ್ನು ಸೆಕೆಂಡಿಗೆ 100 ಸಲಕ್ಕೆ ಏರಿಸಿ, ಸೆನ್ಸರಿನ ಒಳಗೇ ಇರುವ ಫಿಲ್ಟರನ್ನು 44 ಹರ್ಟ್ಸಿಗೆ, ಅಂದರೆ ಸೆಕೆಂಡಿಗೆ 44 ಸಲಕ್ಕೆ ಇಟ್ಟೆ. ಈಗ 17 ಅನ್ನೋದು 17 ಆಗೇ ಕಾಣುತ್ತದೆ, ಬೇರೆ ಮಾಡಬಹುದು. ಇನ್ನೊಂದು, ತಂತಿಗೇ ಮದ್ದು. ಹಳೆ ನೈಲಾನ್ ಹಗ್ಗ ಬಿಚ್ಚಿ, ಅದರ ಎಳೆಗಳನ್ನು ಗೇಣಿಗೊಂದು ಕುಚ್ಚಿನ ಹಾಗೆ ತಂತಿಗೆ ಕಟ್ಟಿದೆ. ಕುಚ್ಚು ಸುಳಿಗಳನ್ನು ಒಡೆಯುತ್ತದೆ, ತಂತಿ ಹಾಡುವುದು ನಿಲ್ಲುತ್ತದೆ. ನೋಡಲು ಮಾತ್ರ ಭೂತದ ಕೋಲದ ಸಿರಿಯ ಹಾಗಿದೆ.

ಭರತಿ ಇಳಿತದ್ದೇ ಇನ್ನೊಂದು ದೋಷ ಎಕೋ ಸೌಂಡರಿಗೆ ಬರುತ್ತದೆ. ಆದರೆ ಅದು ಸೆಳೆತ ಜೋರಿರುವಾಗ ಅಲ್ಲ, ನೀರು ಪೂರ್ತಿ ಇಳಿದು ನಿಂತಾಗ. ಈ ವ್ಯತ್ಯಾಸ ಕ್ಯಾಲೆಂಡರಿನಲ್ಲಿ ಮೂರು ತಾಸಿನ ಅಂತರವಾಗಿ ಕಾಣುತ್ತದೆ. ಕಾರಣ ಸರಳ. 20 ಡಿಗ್ರಿ ಅಗಲದ ಶಬ್ದದ ಕಿರಣ 10 ಮೀಟರ್ ದೂರದಲ್ಲಿ ಮೂರೂವರೆ ಮೀಟರ್ ಹರಡಿಕೊಂಡಿರುತ್ತದೆ. ನೀರು ಇಳಿದಾಗ ಅಲ್ಲಿ ಅಷ್ಟು ಆಳವೇ ಇರುವುದಿಲ್ಲ. ಕೆಳಗೆ ನೆಲಕ್ಕೂ ಮೇಲೆ ಅಲೆಗೂ ಬಡಿದು ವಾಪಸ್ ಬರುತ್ತದೆ. ಅಲೆ ಅಲ್ಲಾಡುತ್ತದೆ, ಸೆನ್ಸರ್ 'ಏನೋ ಬಂತು' ಅನ್ನುತ್ತದೆ. ದೂರವನ್ನು 6 ಮೀಟರಿಗೆ ಇಳಿಸಿದೆ, ಅಲ್ಲಿಗೆ ಮುಗಿಯಿತು. ಅಲ್ಲಿಂದಾಚೆಯದ್ದು ನಮಗೆ ಬೇಡವೂ ಬೇಡ.

ದಿನಾ ಒಂದೇ ಹೊತ್ತಿಗೆ ಕೂಗಿದರೆ

ಚಂದ್ರ ಜಾರುತ್ತಾನೆ, ಮನುಷ್ಯರ ಗಡಿಯಾರ ಜಾರುವುದಿಲ್ಲ. ದಿನಾ ಒಂದೇ ಹೊತ್ತಿಗೆ ಬರುವ ಕೂಗಿಗೆ ಸೂರ್ಯ, ಗಾಳಿ, ದೋಣಿ, ಕರೆಂಟು, ಈ ನಾಲ್ಕರಲ್ಲಿ ಒಂದು ಕಾರಣ.

ಮಧ್ಯಾಹ್ನ ಎರಡರಿಂದ ಸಂಜೆವರೆಗೆ, ಅದೂ ಫೆಬ್ರವರಿ ದಾಟಿದ ಮೇಲೆ ಅಂದರೆ ಕಡಲ ಗಾಳಿ. ಗಾಳಿಯ ಅಲೆಗೆ ಬಲೆ ನಾಲ್ಕೈದು ಸೆಕೆಂಡಿಗೊಮ್ಮೆ ತೂಗುತ್ತದೆ. ದೂರದ ಕಡಲಿನ ಉಬ್ಬಲೆಯಾದರೆ ಹತ್ತು ಸೆಕೆಂಡಿಗೊಮ್ಮೆ. ಮೀನು ಬಡಿದರೆ ಅಥವಾ ಏನಾದರೂ ಕಚ್ಚಿದರೆ ಅರ್ಧ ಸೆಕೆಂಡಿನೊಳಗಿನ ಎಳೆತ. ಒಂದು ಹರ್ಟ್ಸಿಗಿಂತ ನಿಧಾನದ್ದನ್ನೆಲ್ಲ ಕೋಡಿನಲ್ಲಿ ಕಳೆದುಬಿಡಿ. ದೋಣಿಯ ಅಲೆ ಸ್ವಲ್ಪ ಕಷ್ಟ, ಅದು ಚುರುಕು. ಆದರೆ ಅದಕ್ಕಿಂತ ಮೊದಲು ಹೈಡ್ರೋಫೋನಿನಲ್ಲಿ ಇಂಜಿನ್ ಶಬ್ದ ಬಂದಿರುತ್ತದೆ. ಇಂಜಿನ್ ಕೇಳಿದ ಮೇಲಿನ ಎರಡು ನಿಮಿಷ ಅಲುಗಾಟವನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡ ಅಂತ ಹೇಳಿಟ್ಟಿದ್ದೇನೆ. ಕಳ್ಳ ದೋಣಿಯಲ್ಲೇ ಬಂದರೆ ಏನು ಮಾಡ್ತೀಯ ಅಂತ ಅಕ್ಕ ಕೇಳಿದಳು. ಮಾತು ಬಿಟ್ಟವಳು ಮಾತಾಡಿದ್ದೇ ಖುಷಿ. ಮಧ್ಯರಾತ್ರಿಯಿಂದ ನಾಲ್ಕರವರೆಗೆ ಆ ವಿನಾಯಿತಿ ತೆಗೆದೆ.

ಮುಸ್ಸಂಜೆ ಮತ್ತು ಬೆಳಗಿನ ಜಾವ ಹೈಡ್ರೋಫೋನ್ ಮಾತ್ರ ಕೂಗಿದರೆ ಹೆಡ್‌ಫೋನ್ ಹಾಕಿ ಕೇಳಿ. ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಚಟ ಅನ್ನುತ್ತಿದ್ದರೆ ಅದು ಒಂದು ಜಾತಿಯ ಸಣ್ಣ ಸಿಗಡಿ. ಇಕ್ಕುಳದಂಥ ಒಂದು ಕೊಂಬು ಮೈಗೆ ಮೀರಿದಷ್ಟು ದೊಡ್ಡದಿರುತ್ತದೆ. ಅದನ್ನು ಪಟ್ಟನೆ ಮುಚ್ಚಿದಾಗ ನೀರಿನಲ್ಲಿ ಗುಳ್ಳೆ ಹುಟ್ಟಿ ಒಡೆಯುತ್ತದೆ. ಆ ಶಬ್ದವೇ ಇದು. ಬೆರಳಿನಷ್ಟು ಜೀವಿ ಇಡೀ ಅಳಿವೆಯನ್ನು ತುಂಬುತ್ತದೆ. ಈ ಚಟಚಟ ಹೆಚ್ಚಾಗಿ 2 ಕಿಲೋಹರ್ಟ್ಸಿನ ಮೇಲೆ ಇರುತ್ತದೆ, ಅದಕ್ಕೆ 1 ಕಿಲೋಹರ್ಟ್ಸಿನ ಮೇಲಿನದ್ದನ್ನು ಕತ್ತರಿಸಿ. ಬದಲಿಗೆ ಗುಂಯ್ ಅನ್ನುವ ಒಂದೇ ಸ್ವರ ಕೇಳಿದರೆ ಅದು 50 ಹರ್ಟ್ಸ್ ಕರೆಂಟಿನದ್ದು. ದಡದಿಂದ ಚಾರ್ಜರ್ ಎಳೆದಿದ್ದರೆ ಕಿತ್ತು ನೋಡಿ. ನಿಂತರೆ ಅರ್ತಿಂಗ್ ಸರಿ ಮಾಡಬೇಕು, ಇಲ್ಲವೇ ಬ್ಯಾಟರಿಯಲ್ಲೇ ನಡೆಸಬೇಕು.

ಬೆಳಗಿನ ಜಾವ ನಾಲ್ಕೂವರೆಯಿಂದ ಐದೂವರೆ. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ತಲೆ ತಿಂದದ್ದು. ಒಂದು ಮೋಡದ ದಿನದ ಮರುಬೆಳಿಗ್ಗೆ ಭಾವನ ಫೋನಿಗೆ ಸಾಲಾಗಿ ಇಪ್ಪತ್ತಮೂರು ಮೆಸೇಜ್. ನಡೆದದ್ದು ಇಷ್ಟು. ಸೋಲಾರ್ ಬ್ಯಾಟರಿ ಸೂರ್ಯ ಹುಟ್ಟುವ ಮೊದಲು ಅತಿ ಕೆಳಗೆ ಇರುತ್ತದೆ. ಮೆಸೇಜ್ ಕಳಿಸುವ ಸಿಮ್ ಮಾಡ್ಯೂಲ್ ಟವರ್ ಹುಡುಕುವಾಗ ಒಂದು ಕ್ಷಣಕ್ಕೆ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಆ ಎಳೆತಕ್ಕೆ ವೋಲ್ಟೇಜ್ ಕುಸಿದು ಕಂಟ್ರೋಲರ್, ಅಂದರೆ ಸೆನ್ಸರ್ ಓದುವ ಪುಟ್ಟ ಕಂಪ್ಯೂಟರ್, ರೀಸೆಟ್ ಆಯಿತು. ಎದ್ದ ಕೂಡಲೇ ಸೆನ್ಸರ್ ಕೊಟ್ಟ ಮೊದಲ ಅಂಕಿ ಸೊನ್ನೆ, ಎರಡನೆಯದು ನಿಜವಾದ್ದು. ಸೊನ್ನೆಯಿಂದ ಮೇಲಕ್ಕೆ ಜಿಗಿದದ್ದನ್ನು ಅಲುಗಾಟ ಅಂತ ತಿಳಿದು ಮೆಸೇಜ್ ಕಳಿಸಿತು. ಮೆಸೇಜ್ ಕಳಿಸಲು ಹೋಗಿ ಮತ್ತೆ ರೀಸೆಟ್. ಬಾಲ ಕಚ್ಚಲು ಹೋದ ನಾಯಿ ಥರ ಸುತ್ತುತ್ತಾ ಇತ್ತು ಬೆಳಕು ಹರಿಯುವ ತನಕ.

ಹಿಡಿಯುವುದು ಹೇಗೆ ಅಂದರೆ, ಪ್ರತಿ ಸಲ ಎದ್ದಾಗ ಯಾಕೆ ಎದ್ದೆ ಅಂತ ಕಂಟ್ರೋಲರಿನಿಂದಲೇ ಬರೆಸಿ. ಇಎಸ್‌ಪಿ32 ಅನ್ನುವ ಕಂಟ್ರೋಲರಿನಲ್ಲಿ ಆ ಕಾರಣ ಕೇಳಿ ಪಡೆಯಬಹುದು. 'ವೋಲ್ಟೇಜ್ ಕುಸಿತ' ಅಂತ ಬಂದರೆ ಕಳ್ಳ ಸಿಕ್ಕ. ಮಾಡ್ಯೂಲಿನ ಕಾಲಿಗೇ ಹತ್ತಿರ ಒಂದು ಒಳ್ಳೆ 2,200 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ಅದಕ್ಕೆ ಬೇರೆಯೇ ಕನ್ವರ್ಟರ್ ಕೊಡಿ. ಎದ್ದ ಮೇಲಿನ ಮೊದಲ ಹತ್ತು ಸೆಕೆಂಡಿನ ಅಂಕಿ ಎಸೆದುಬಿಡಿ.

ನಿಧಾನಕ್ಕೆ ಕೆಡುತ್ತಾ ಬಂದರೆ

ಮೊದಲ ವಾರ ಚೆನ್ನಾಗಿತ್ತು, ಮೂರನೇ ವಾರಕ್ಕೆ ಮಂಕಾಯಿತು ಅಂತಾದರೆ ಮುಖ ತೊಳೆಯಿರಿ. ಸೆನ್ಸರಿನದ್ದು. ಬೆಚ್ಚಗಿನ ಉಪ್ಪುನೀರಿನಲ್ಲಿ ಮೊದಲು ಲೋಳೆ, ಆಮೇಲೆ ಪಾಚಿ, ಆಮೇಲೆ ದೋಣಿ ಅಡಿಗೆ ಅಂಟುವ ಬಿಳಿ ಚಿಪ್ಪು. ಹಳೆ ಎಟಿಎಂ ಕಾರ್ಡಿನಿಂದ ಕೆರೆದರೆ ಸಾಕು. ಬ್ಲೇಡು, ಥಿನ್ನರ್ ಎರಡೂ ಬೇಡ, ಮುಖದ ಪ್ಲಾಸ್ಟಿಕ್ ಹಾಳಾಗುತ್ತದೆ. ಹೊಸ ಸೆನ್ಸರ್ ಇಳಿಸಿದ ಮೊದಲ ದಿನವೇ ಮಂಕಾಗಿದ್ದರೆ ಮುಖದ ಮೇಲೆ ಗಾಳಿಯ ಸಣ್ಣ ಗುಳ್ಳೆಗಳು ಕೂತಿರುತ್ತವೆ. ಪಾತ್ರೆ ತೊಳೆಯುವ ಸೋಪಿನ ನೀರು ಸವರಿ ಇಳಿಸಿ.

ಎಕೋ ಸೌಂಡರ್ ನಿಜಕ್ಕೂ ನೋಡುತ್ತಿದೆಯಾ ಅಂತ ತಿಳಿಯಲು ಒಂದು ಟೇಬಲ್ ಟೆನ್ನಿಸ್ ಚೆಂಡಿಗೆ ದಾರ ಕಟ್ಟಿ, ದಾರಕ್ಕೆ ಬಲೆಯ ಸೀಸದ ಗುಂಡು ಕಟ್ಟಿ ಮುಂದೆ ಇಳಿಸಿ. ನೀರೊಳಗೆ ಶಬ್ದಕ್ಕೆ ಗಾಳಿ ಅಂದರೆ ಗೋಡೆ ಇದ್ದ ಹಾಗೆ, ಜೋರಾಗಿ ಪ್ರತಿಧ್ವನಿ ಬರುತ್ತದೆ. ಮೀನು ಕಾಣುವುದೂ ಹೆಚ್ಚಾಗಿ ಅದರ ಹೊಟ್ಟೆಯ ಗಾಳಿ ಚೀಲದಿಂದಲೇ. ನೀರು ತುಂಬಿದ ಪ್ಲಾಸ್ಟಿಕ್ ಚೀಲ ಇಳಿಸಿ ನೋಡಿ, ಬಹುಶಃ ಕಾಣುವುದೇ ಇಲ್ಲ.

ಮಳೆ ಬಿದ್ದು ನದಿ ನೀರು ಜಾಸ್ತಿ ಬಂದಾಗ, ಮೇಲೆ ಕದ್ರಾ ಅಣೆಕಟ್ಟಿನ ಗೇಟು ತೆಗೆದಾಗ, ಅಳಿವೆಯ ನೀರು ಉಪ್ಪಿನಿಂದ ಸಿಹಿಗೆ ತಿರುಗುತ್ತದೆ. ಶಬ್ದದ ವೇಗ ಶೇಕಡಾ ಎರಡು ಎರಡೂವರೆಯಷ್ಟು ಇಳಿಯುತ್ತದೆ. ಅಲುಗಾಡದ ಲಂಗರು ಹಗ್ಗವೂ ಹತ್ತಿಪ್ಪತ್ತು ಸೆಂಟಿಮೀಟರ್ ಸರಿದ ಹಾಗೆ ಸೆನ್ಸರಿಗೆ ಅನಿಸುತ್ತದೆ. ಏನೂ ಬಂದಿಲ್ಲದಾಗಿನ ಪ್ರತಿಧ್ವನಿ, ಅಂದರೆ ಹಿನ್ನೆಲೆಯನ್ನು ಒಂದು ಸಲ ಬರೆದಿಟ್ಟು ಬಿಡಬೇಡಿ, ಕಳೆದ ಅರ್ಧ ತಾಸಿನ ಸರಾಸರಿಯನ್ನೇ ಹಿನ್ನೆಲೆ ಮಾಡಿಕೊಳ್ಳಿ. ನಾನಂತೂ ಮೇ ಕೊನೆಗೆ ಎಲ್ಲ ಎತ್ತಿಬಿಡುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೂ ರಜೆ, ನನ್ನ ಹೈಡ್ರೋಫೋನಿಗೂ ರಜೆ.

ಹೊತ್ತು ಗೊತ್ತು ಇಲ್ಲದೆ ಕೂಗಿದರೆ

ಈಗ ಪೆಟ್ಟಿಗೆ ಬಿಚ್ಚಬಹುದು. ಯಾವ ಲೆಕ್ಕಕ್ಕೂ ಸಿಗದ ಕೂಗಿಗೆ ಮೊದಲ ಅನುಮಾನ ನೀರು ಒಳಗೆ ಹೋಗಿರುವುದು.

ನನ್ನ ಪೆಟ್ಟಿಗೆ ಮನೆಯ ಬಕೆಟ್ಟಿನಲ್ಲಿ ಎರಡು ದಿನ ಇಟ್ಟರೂ ಸೋರಲಿಲ್ಲ. ಪಂಜರಕ್ಕೆ ಹಾಕಿದರೆ ಸೋರುತ್ತದೆ. ಕಾರಣ ಹೊಳೆದದ್ದು ತಡವಾಗಿ. ಮಧ್ಯಾಹ್ನದ ಬಿಸಿಲಲ್ಲಿ ಡ್ರಮ್ಮಿನ ಮೇಲೆ ಕೂತು ಮುಚ್ಚಳ ಬಿಗಿ ಮಾಡುತ್ತಿದ್ದೆ. ಆಗ ಒಳಗಿನ ಗಾಳಿ 45 ಡಿಗ್ರಿ ಅಂತ ಇಟ್ಟುಕೊಳ್ಳಿ. ಕೂಡಲೇ 28 ಡಿಗ್ರಿ ನೀರಿಗೆ ಇಳಿಸಿದರೆ ಆ ಗಾಳಿ ಕುಗ್ಗುತ್ತದೆ, ಒಳಗಿನ ಒತ್ತಡ ಶೇಕಡಾ ಐದರಷ್ಟು ಬೀಳುತ್ತದೆ. ಅರ್ಧ ಮೀಟರ್ ನೀರು ಹೊರಗಿನಿಂದ ಜಾಸ್ತಿ ಒತ್ತಿದ್ದಕ್ಕೆ ಅದು ಸಮ. ಪೆಟ್ಟಿಗೆ ತಾನೇ ಸ್ಟ್ರಾ ಹಾಕಿ ನೀರು ಎಳೆದುಕೊಳ್ಳುತ್ತದೆ. ಬೆಳಿಗ್ಗೆ ತಂಪಿನಲ್ಲಿ, ಮನೆಯೊಳಗೆ ಕೂತು ಮುಚ್ಚಿ. ಸಿಲಿಕಾ ಜೆಲ್ ಪೊಟ್ಟಣ ಒಂದು ಇರಲಿ.

ಇನ್ನೊಂದು ದಾರಿ ತಂತಿಯ ಒಳಗಿನದ್ದು. ಹೊರಗಿನ ಸಿಪ್ಪೆ ಎಲ್ಲೋ ಏಡಿ ಕಡಿದೋ ಚಿಪ್ಪಿಗೆ ಉಜ್ಜಿಯೋ ಹರಿದಿದ್ದರೆ, ನೀರು ಒಳಗಿನ ಎಳೆಗಳ ನಡುವೆ ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಮೀಟರ್‌ಗಟ್ಟಲೆ ಹೋಗುತ್ತದೆ. ತಂತಿ ಪೆಟ್ಟಿಗೆಯೊಳಗೆ ಹೋಗುವ ಕಡೆಯ ಗ್ಲ್ಯಾಂಡ್ ಎಷ್ಟು ಬಿಗಿ ಮಾಡಿದರೂ ವ್ಯರ್ಥ. ತಂತಿಯ ತುದಿ ಒಂದಿಂಚು ಸುಲಿದು ನೋಡಿ, ತಾಮ್ರ ಕಪ್ಪೋ ಹಸಿರೋ ತಿರುಗಿದ್ದರೆ ಆ ತಂತಿ ಪೂರ್ತಿ ಬದಲಿಸಿ. ಬಿಚ್ಚುವ ಮೊದಲೇ ತಿಳಿಯಬೇಕಾ? ಪವರ್ ತೆಗೆದು, ಮಲ್ಟಿಮೀಟರಿನ ಒಂದು ಕಡ್ಡಿ ತಂತಿಯ ತಾಮ್ರಕ್ಕೆ, ಇನ್ನೊಂದು ಉಪ್ಪುನೀರಿಗೆ. ಒಳ್ಳೆ ತಂತಿಯಲ್ಲಿ ಮೀಟರ್ ಏನೂ ತೋರಿಸುವುದಿಲ್ಲ. ಕಿಲೋಓಮ್ ಲೆಕ್ಕದಲ್ಲಿ ಬಂದರೆ ಸೋರಿದೆ. ಹುಳಿ ವಾಸನೆಯ ಸಿಲಿಕೋನ್ ಮಾತ್ರ ತಾಮ್ರದ ಹತ್ತಿರ ಹಾಕಬೇಡಿ, ಅದು ಒಣಗುವಾಗ ಬಿಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ.

ಸೋರಿಕೆ ಇಲ್ಲ, ಆದರೂ ಅಂಕಿಗಳು ಒಮ್ಮೊಮ್ಮೆ ಸೊನ್ನೆ, ಒಮ್ಮೊಮ್ಮೆ ಮೈನಸ್ ಒಂದು ಅಂತ ಬಂದರೆ ತಂತಿಯ ಉದ್ದ ನೋಡಿ. ಈ ಸಣ್ಣ ಸೆನ್ಸರ್‌ಗಳು ಮಾತಾಡುವ ಐ2ಸಿ ಅನ್ನೋದು ಒಂದೇ ಬೋರ್ಡಿನೊಳಗಿನ ಪಿಸುಮಾತು. ಎರಡು ಮೂರು ಮೀಟರ್ ದಾಟಿದರೆ ಕೇಳಿಸುವುದಿಲ್ಲ. ಸೆನ್ಸರಿನ ಹತ್ತಿರವೇ ಒಂದು ಚಿಕ್ಕ ಕಂಟ್ರೋಲರ್ ಇಟ್ಟು, ಅಲ್ಲಿಂದ ಉದ್ದ ತಂತಿಗೆ ಒಗ್ಗುವ ಆರ್‌ಎಸ್485ರಲ್ಲಿ ಮೇಲೆ ತನ್ನಿ.

ಯಾವ ಲೆಕ್ಕಕ್ಕೂ ಸಿಗದ ಮೂರು ಗುರುತು

ಇಷ್ಟೆಲ್ಲ ಆದ ಮೇಲೆ ಜನವರಿ ಕೊನೆಯ ಹೊತ್ತಿಗೆ ಕ್ಯಾಲೆಂಡರ್ ಹೆಚ್ಚುಕಮ್ಮಿ ಖಾಲಿ ಆಗಿತ್ತು. ಆಮೇಲೆ ಮೂರು ಗುರುತು ಬಿದ್ದವು. 3:20. ಎರಡು ದಿನ ಬಿಟ್ಟು 1:45. ಮತ್ತೆ ನಾಲ್ಕು ದಿನ ಬಿಟ್ಟು 4:05. ಜಾರುವ ಲೆಕ್ಕ ಇಲ್ಲ. ಬ್ಯಾಟರಿ 12.4 ವೋಲ್ಟ್, ಅದರದ್ದೂ ತಪ್ಪಿಲ್ಲ. ತಾಂಡೇಲ ಮಾಮನ ಲೆಕ್ಕದಲ್ಲಿ ಮೊದಲನೆಯದಕ್ಕೆ ನೀರು ನಿಂತ ಹೊತ್ತು, ಸೆಳೆತವೇ ಇಲ್ಲ. ಪೆಟ್ಟಿಗೆ ಒಣಗಿತ್ತು.

ಗ್ರಾಫ್ ತೆಗೆದು ನೋಡಿದೆ. ಬಲೆಯಲ್ಲಿ ಎರಡು ಸೆಕೆಂಡಿನೊಳಗೆ ಮೂರು ನಾಲ್ಕು ಚುರುಕು ಎಳೆತ. ಬಿಡುವು. ಮತ್ತೆ ಎಳೆತ. ಅದೇ ಹೊತ್ತಿಗೆ ಎಕೋ ಸೌಂಡರಿನಲ್ಲಿ ಒಂದು ದೊಡ್ಡ ಪ್ರತಿಧ್ವನಿ, ಟೇಬಲ್ ಟೆನ್ನಿಸ್ ಚೆಂಡಿಗಿಂತ ಜೋರು. ಅರ್ಧ ನಿಮಿಷದ ಆಸುಪಾಸು ಕಂಡು, ಮಾಯವಾಗಿ, ಮತ್ತೆ ಕಾಣಿಸುತ್ತದೆ. ಮೀನು ಹಾಗೆ ಬಂದು ಹೋಗಿ ಮಾಡುವುದಿಲ್ಲ. ಉಸಿರಿಗೆ ಮೇಲೆ ಹೋಗುವ ಪ್ರಾಣಿ ಮಾಡುತ್ತದೆ. ತುಪ್ಪಳದಲ್ಲಿ ಗಾಳಿ ತುಂಬಿಕೊಂಡು ಮುಳುಗುವ ಪ್ರಾಣಿಯಾದರೆ ಪ್ರತಿಧ್ವನಿಯೂ ಜೋರಾಗೇ ಇರುತ್ತದೆ.

ಮುಂದಿನ ಸಲ ಮೆಸೇಜ್ ಬಂದಾಗ ಭಾವನ ಜೊತೆ ನಾನೂ ಹೋದೆ. ಹುಟ್ಟು ಹಾಕುವ ಸದ್ದೂ ಆಗದ ಹಾಗೆ. ಟಾರ್ಚ್ ಹಾಕಿದ ಕೂಡಲೇ ಡ್ರಮ್ಮಿನ ಪಕ್ಕ ಎರಡು ಹೊಳೆಯುವ ಕಣ್ಣು, ಅದರ ಹಿಂದೆ ಇನ್ನೆರಡು. ಸಿಳ್ಳೆ ಹೊಡೆದ ಹಾಗೆ ಒಂದು ಕೂಗು, ಆಮೇಲೆ ನೀರಿನ ಮೇಲೆ ಬರೀ ಉಂಗುರ. ನೀರುನಾಯಿ. ಬಲೆ ಎಳೆದು ನೋಡಿದರೆ ನೀರಿನ ಮಟ್ಟದಿಂದ ಒಂದು ಮೊಳ ಕೆಳಗೆ ನಾಲ್ಕು ಕಣ್ಣಿ ಕಡಿದಿತ್ತು. ನವೆಂಬರಿನಲ್ಲಿ ಹರಿದದ್ದೂ ಅದೇ ಆಳದಲ್ಲಿ.

1972ರ ವನ್ಯಜೀವಿ ಕಾಯ್ದೆ ಅದನ್ನು ಕಾಪಾಡುತ್ತದೆ, ಮುಟ್ಟುವ ಹಾಗಿಲ್ಲ, ಮುಟ್ಟುವ ಮನಸ್ಸೂ ಭಾವನಿಗೆ ಇರಲಿಲ್ಲ. ಹೊರಗಿನಿಂದ ಒಂದು ಗೇಣು ಬಿಟ್ಟು ಎರಡನೇ ಬಲೆ ಕಟ್ಟಿದೆವು, ದಪ್ಪ ದಾರದ್ದು, ನೀರಿನ ಮೇಲೂ ಸೊಂಟದ ಮಟ್ಟಕ್ಕೆ ಬರುವ ಹಾಗೆ. ಅಲುಗಾಟದ ಸೆನ್ಸರನ್ನು ಒಳಗಿನ ಬಲೆಯಿಂದ ಬಿಚ್ಚಿ ಹೊರಗಿನದಕ್ಕೆ ಕಟ್ಟಿದೆ.

ಈಗಲೂ ವಾರಕ್ಕೊಂದು ಸಲ ಮೆಸೇಜ್ ಬರುತ್ತದೆ. ಭಾವ ಏಳುತ್ತಾನೆ, ಕ್ಯಾಲೆಂಡರಿನ ಹತ್ತಿರ ಹೋಗಿ ಹೊತ್ತು ಬರೆಯುತ್ತಾನೆ, ತಿಥಿ ನೋಡುತ್ತಾನೆ, ಪಕ್ಕದಲ್ಲಿ 'ನಾ' ಅಂತ ಹಾಕಿ ಮತ್ತೆ ಮಲಗುತ್ತಾನೆ.